‘ಚಾಲಕನ ನಿಯಂತ್ರಣ ತಪ್ಪಿ...’: ಎಂಜಿನ್ ಬೆನ್ನ ಹಿಂದಕ್ಕೆ ಹೋದ ಕಥೆ

ತಿಪಟೂರಿನ ಒಂದು ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿದೆ. ಅದಕ್ಕೆ ಸೆಕೆಂಡ್ ಹ್ಯಾಂಡ್ ಸ್ಟೀರಿಂಗು, ಪೆಡಲು ಜೋಡಿಸಿಕೊಂಡು ಹುಡುಗರು ಸಂಜೆ ಹೊತ್ತು ಕಾರ್ ರೇಸ್ ಆಡುತ್ತಾರೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಚಾರ್ಜರ್ ಕೊಳ್ಳಲು ಹೋದ ನಾವೂ ನಿಂತು ನೋಡಿದೆವು. ಆಟದ ಹೆಸರು ಅಸೆಟ್ಟೊ ಕೊರ್ಸಾ, ಕಾರು ಫೆರಾರಿ 458. ತುರುವೇಕೆರೆ ಕಡೆಯ ಐಟಿಐ ಹುಡುಗನೊಬ್ಬ ಓಡಿಸುತ್ತಿದ್ದ.

ನಾಲ್ಕನೇ ತಿರುವಿನಲ್ಲಿ ಕಾರು ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖ ಮಾಡಿ ನಿಂತಿತು.

‘ಬ್ರೇಕು ಮುಟ್ಟೇ ಇಲ್ಲ ಕಣಣ್ಣ’ ಅಂದ. ‘ಸ್ಪೀಡು ಜಾಸ್ತಿ ಆಯ್ತು ಅಂತ ಎಕ್ಸಲೇಟರ್ ಮೇಲಿಂದ ಕಾಲು ತೆಗದೆ, ಅಷ್ಟೆಯ. ತಿರುಗೋಯ್ತು. ಈ ಗೇಮೇ ಸರಿಗಿಲ್ಲ.’

ಅವತ್ತು ಬೆಳಿಗ್ಗೆಯೇ ನಾವು ಒಂದು ಅಪಘಾತದ ಸುದ್ದಿ ಕಳಿಸಿದ್ದೆವು. ಮಳೆಯಲ್ಲಿ ಓಮ್ನಿ ಪಲ್ಟಿ, ಇಬ್ಬರಿಗೆ ಗಾಯ. ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ಬರೆದಿದ್ದೆವು. ತಾಲ್ಲೂಕು ವರದಿಗಾರಿಕೆಗೆ ಬಂದಾಗಿನಿಂದ ಈ ಮೂರು ಪದವನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಠಾಣೆಯಲ್ಲೂ ಅದೇ ಮಾತು, ನಮ್ಮಲ್ಲೂ ಅದೇ ಮಾತು. ಬೈಲೈನ್ ಇಲ್ಲದ ನಾಲ್ಕು ಸಾಲಿನ ಸುದ್ದಿಗೆ ಅಷ್ಟು ಸಾಕು ಅಂದುಕೊಂಡಿದ್ದೆವು.

ಹುಡುಗ ಯಂತ್ರವನ್ನು ದೂರಿದ, ನಾವು ಚಾಲಕನನ್ನು ದೂರಿದ್ದೆವು. ಆ ಗಳಿಗೆಯಲ್ಲಿ ಗಾಡಿಯ ತೂಕ ಎಲ್ಲಿತ್ತು, ಕಾಲು ಎತ್ತಿದ ಕೂಡಲೇ ಅದು ಎಲ್ಲಿಗೆ ಸರಿಯಿತು ಅಂತ ಇಬ್ಬರೂ ಕೇಳಿರಲಿಲ್ಲ. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಇದು ಸುಮಾರು ನೂರು ವರ್ಷದ ಜಗಳ. ಮೊದಲು ರೇಸ್ ಮೈದಾನದಲ್ಲಿ ನಡೆಯಿತು, ಆಮೇಲೆ ಅಮೆರಿಕದ ಸಂಸತ್ತಿನವರೆಗೆ ಹೋಯಿತು, ಕೊನೆಗೆ ಕಂಪ್ಯೂಟರ್ ಆಟದೊಳಗೂ ನುಗ್ಗಿತು.

ಗಾಡಿ ಹೂಡಿದ ಹಿರಿಯರು ಮನೆಯಲ್ಲಿದ್ದರೆ ಈ ಪಾಠದ ಮೊದಲ ಅರ್ಧ ಅವರಿಗೇ ಗೊತ್ತು. ಎತ್ತಿನ ಗಾಡಿಗೆ ಕಾಯಿ ತುಂಬುವಾಗ ಹಿಂದಕ್ಕೆ ಜಾಸ್ತಿ ಬಿದ್ದರೆ ಹಿಂಭಾರ. ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳು ಹಿಡಿದು ಎತ್ತುತ್ತದೆ. ಮುಂದಕ್ಕೆ ಬಿದ್ದರೆ ಮುಂಭಾರ, ಎತ್ತಿನ ಹೆಗಲು ಸಾಯುತ್ತದೆ. ಅಚ್ಚಿನ ಮೇಲೆ ತೂಕ ಕೂರಿಸುವುದು ಒಂದು ಕೈಚಳಕ. ಅದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ.

ಉಳಿದ ಅರ್ಧಕ್ಕೆ ಅಡ್ಡೆ ಹೊತ್ತವರನ್ನು ಕೇಳಬೇಕು. ಎರಡು ತುದಿಗೂ ಕಾಯಿಗೊಂಚಲು ಕಟ್ಟಿದ ಅಡ್ಡೆಯನ್ನು ಹೆಗಲಿಗೆ ಹಾಕಿಕೊಂಡು ಥಟ್ಟನೆ ತಿರುಗಲು ನೋಡಿ. ಅಡ್ಡೆ ಬೇಗ ತಿರುಗುವುದಿಲ್ಲ. ಒಮ್ಮೆ ತಿರುಗಲು ಶುರುವಾದರೆ ಬೇಗ ನಿಲ್ಲುವುದೂ ಇಲ್ಲ. ಅಷ್ಟೇ ಕಾಯಿಯನ್ನು ಹೆಗಲಿನ ಹತ್ತಿರಕ್ಕೆ ಸರಿಸಿ ಕಟ್ಟಿದರೆ ಸರಾಗವಾಗಿ ತಿರುಗುತ್ತದೆ. ತೂಕ ಅಷ್ಟೇ, ಕಟ್ಟಿದ ಜಾಗ ಬೇರೆ.

ಕಾರಿನಲ್ಲಿ ಎಲ್ಲಕ್ಕಿಂತ ಭಾರದ ಸಾಮಾನು ಎಂಜಿನ್. ಅದನ್ನು ಮೂತಿಯಲ್ಲಿ ಇಟ್ಟರೆ ತುದಿಗೆ ಕಾಯಿ ಕಟ್ಟಿದ ಅಡ್ಡೆಯಂತೆ. ಡ್ರೈವರ್ ಬೆನ್ನ ಹಿಂದೆ, ಹಿಂದಿನ ಚಕ್ರದ ಮುಂದೆ ಇಟ್ಟರೆ ಹೆಗಲ ಹತ್ತಿರ ಕಟ್ಟಿದಂತೆ. ಇದನ್ನೇ ಮಿಡ್ ಎಂಜಿನ್ ಕಾರು ಅನ್ನುವುದು. ಸ್ಟೀರಿಂಗ್ ತಿರುಗಿಸಿದ ಕೂಡಲೇ ತಿರುಗುತ್ತದೆ. ತೂಕ ಹಿಂದಿನ ಚಕ್ರದ ಮೇಲೆ ಹೆಚ್ಚಿರುವುದರಿಂದ ಎಕ್ಸಲೇಟರ್ ಒತ್ತಿದಾಗ ಟೈರು ಗಟ್ಟಿಯಾಗಿ ನೆಲ ಹಿಡಿಯುತ್ತದೆ. ಬ್ರೇಕ್ ಹಾಕಿದಾಗ ನಾಲ್ಕೂ ಟೈರು ಸರಿಯಾಗಿ ಕೆಲಸ ಮಾಡುತ್ತವೆ. ಲಾಭಗಳೇ ಹೆಚ್ಚು.

ತೊಂದರೆ ಏನೆಂದರೆ, ಸರಾಗವಾಗಿ ತಿರುಗುವ ವಸ್ತು ಬೇಡವಾದಾಗಲೂ ಸರಾಗವಾಗಿಯೇ ತಿರುಗುತ್ತದೆ. ತಿರುವಿನ ಮಧ್ಯೆ ಭಯಬಿದ್ದು ಎಕ್ಸಲೇಟರ್ ಬಿಟ್ಟಿರಿ ಅಂದುಕೊಳ್ಳಿ. ಎಂಜಿನ್ ಹಿಂದಿನ ಚಕ್ರವನ್ನು ಹಿಡಿದು ನಿಧಾನ ಮಾಡುತ್ತದೆ. ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಟೈರಿಗೆ ಹಿಡಿತ ಹೆಚ್ಚಾಯಿತು, ಹಿಂದಿನದಕ್ಕೆ ಕಡಿಮೆಯಾಯಿತು. ಆದರೆ ಎಂಜಿನ್ನಿನ ತೂಕವೆಲ್ಲ ಹಿಂದೆಯೇ ಕೂತಿದೆ, ತಿರುವಿನ ಹೊರಕ್ಕೆ ಹೋಗಲು ಎಳೆಯುತ್ತಿದೆ. ಬಾಲ ಬೀಸುತ್ತದೆ. ಇದಕ್ಕೆ ಓವರ್‌ಸ್ಟಿಯರ್ ಅನ್ನುತ್ತಾರೆ. ನೀವು ತಿರುಗಿಸಿದ್ದಕ್ಕಿಂತ ಜಾಸ್ತಿ ಕಾರು ತಿರುಗುವುದು. ಮೂತಿಯಲ್ಲಿ ಎಂಜಿನ್ ಇರುವ ಸಾಮಾನ್ಯ ಕಾರು ಹೀಗಾಗುವ ಮೊದಲು ಒಂದೆರಡು ಸಲ ಎಚ್ಚರಿಸುತ್ತದೆ. ಮಿಡ್ ಎಂಜಿನ್ ಕಾರು ಕೊಡುವ ಸಮಯ ಬಹಳ ಕಡಿಮೆ.

ಹುಡುಗನ ಫೆರಾರಿ 458ರಲ್ಲಿ ನೂರು ಕೆ.ಜಿ. ತೂಕಕ್ಕೆ ಸುಮಾರು 58 ಕೆ.ಜಿ. ಹಿಂದಿನ ಚಕ್ರದ ಮೇಲಿರುತ್ತದೆ. ಅಂದರೆ ಕಾಲು ತೆಗೆದಾಗ ಕಾರು ತಿರುಗಿದ್ದರಲ್ಲಿ ಗೇಮಿನ ತಪ್ಪೇನೂ ಇರಲಿಲ್ಲ.

ಈ ಬುದ್ಧಿ ಹೊಸದೇನಲ್ಲ. 1923ರಲ್ಲೇ ಬೆಂಜ್ ಕಂಪನಿ ಎಂಜಿನ್ ಹಿಂದಿಟ್ಟ, ನೀರಿನ ಹನಿಯ ಆಕಾರದ ರೇಸ್ ಕಾರನ್ನು ಇಟಲಿಯ ಮೊಂಜಾದಲ್ಲಿ ಓಡಿಸಿತ್ತು. ಆದರೆ ಜಗತ್ತು ಕಣ್ಣು ಬಿಟ್ಟು ನೋಡಿದ್ದು 1934ರಿಂದ ಜರ್ಮನಿಯ ಆಟೊ ಯೂನಿಯನ್ ಕಾರುಗಳು ಬಂದಾಗ. ವಿನ್ಯಾಸ ಫರ್ಡಿನಾಂಡ್ ಪೋರ್ಶೆ ಅವರದು. 1936ರ ಮಾದರಿಯಲ್ಲಿ ಡ್ರೈವರ್ ಬೆನ್ನ ಹಿಂದೆ 16 ಸಿಲಿಂಡರಿನ 6 ಲೀಟರ್ ಎಂಜಿನ್, 500ಕ್ಕೂ ಮಿಕ್ಕಿದ ಅಶ್ವಶಕ್ತಿ. ನಮ್ಮ ಕಡೆ ಓಡಾಡುವ ಟ್ರಾಕ್ಟರ್‌ಗಳು ಹೆಚ್ಚಾಗಿ 35ರಿಂದ 50 ಅಶ್ವಶಕ್ತಿಯವು ಅನ್ನುವುದನ್ನು ನೆನಪಿಟ್ಟುಕೊಂಡು ಇದನ್ನು ಓದಿ. ಟೈರುಗಳು ಮಾತ್ರ ಇವತ್ತಿನ ಲೆಕ್ಕಕ್ಕೆ ಸಪೂರ.

ಆ ಕಾರಿನ ಎಂಜಿನ್ ಅಷ್ಟು ಉದ್ದವಿದ್ದುದರಿಂದ ಡ್ರೈವರ್ ಬಹಳ ಮುಂದೆ, ಹೆಚ್ಚೂಕಡಿಮೆ ಮುಂದಿನ ಚಕ್ರದ ಹತ್ತಿರ ಕೂರಬೇಕಿತ್ತು. ಬಾಲ ಜಾರುವುದು ಅವನಿಗೆ ತಡವಾಗಿ ಗೊತ್ತಾಗುತ್ತಿತ್ತು. ದೊಡ್ಡ ದೊಡ್ಡ ಅನುಭವಿಗಳು ಈ ಕಾರಿನ ಜೊತೆ ಒದ್ದಾಡಿದರು. ಸಲೀಸಾಗಿ ಓಡಿಸಿದವರಲ್ಲಿ ಮುಖ್ಯನಾದ ಬರ್ಂಡ್ ರೋಸ್‌ಮೆಯರ್ ಬಂದದ್ದು ಮೋಟರ್ ಸೈಕಲ್ ರೇಸ್‌ನಿಂದ. ಎಂಜಿನ್ ಮುಂದಿರುವ ರೇಸ್ ಕಾರಿನ ಹಳೆಯ ಅಭ್ಯಾಸ ಅವನಿಗೆ ಇರಲಿಲ್ಲ, ಹಾಗಾಗಿ ಮರೆಯಬೇಕಾದ್ದೂ ಇರಲಿಲ್ಲ. 1936ರಲ್ಲಿ ಯುರೋಪಿನ ಚಾಂಪಿಯನ್ ಆದ. 1938ರ ಜನವರಿ 28ರಂದು ವೇಗದ ದಾಖಲೆ ಮಾಡಲು ಹೋಗಿ ಹೆದ್ದಾರಿಯಲ್ಲಿ ತೀರಿಕೊಂಡ. ಅದಕ್ಕೆ ಅಡ್ಡಗಾಳಿ ಕಾರಣ ಎಂದು ಹೆಚ್ಚಿನವರು ಹೇಳುತ್ತಾರೆ, ನಾವು ಹೇಳುತ್ತಿರುವ ತಿರುವಿನ ಜಾರುವಿಕೆ ಅಲ್ಲ.

ಯುದ್ಧ ಮುಗಿದ ಮೇಲೆ ಈ ಕಥೆಯನ್ನು ಮುಂದುವರಿಸಿದವರು ದೊಡ್ಡ ಕಂಪನಿಯವರಲ್ಲ. ಇಂಗ್ಲೆಂಡಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಕೂಪರ್. 1946ರಲ್ಲಿ ಅವರು 500 ಸಿ.ಸಿ. ಮೋಟರ್ ಸೈಕಲ್ ಎಂಜಿನ್ ಹಾಕಿ ಪುಟ್ಟ ರೇಸ್ ಕಾರು ಮಾಡಿದರು. ಬೈಕಿನ ಎಂಜಿನ್ ಚೈನಿನ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ, ಚೈನು ಉದ್ದ ಆಗಬಾರದು, ಆದ್ದರಿಂದ ಎಂಜಿನ್ ಹಿಂದೆ ಬಂತು. ಯಾವ ಸಿದ್ಧಾಂತವೂ ಇಲ್ಲ, ಪೂರ್ತಿ ಅನುಕೂಲ ಶಾಸ್ತ್ರ. ನಮ್ಮೂರ ವೆಲ್ಡಿಂಗ್ ಶಾಪಿನವರು ಕಾಯಿ ಸುಲಿಯುವ ಯಂತ್ರಕ್ಕೆ ಸಿಕ್ಕಿದ ಮೋಟರು ಕೂರಿಸುವ ಹಾಗೆ.

ಆ ಅನುಕೂಲ ಶಾಸ್ತ್ರ 1958ರ ಜನವರಿ 19ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಫಾರ್ಮುಲಾ ಒನ್ ರೇಸ್ ಗೆದ್ದಿತು. ಸ್ಟರ್ಲಿಂಗ್ ಮಾಸ್ ಎರಡು ಲೀಟರಿನ ಪುಟ್ಟ ಕೂಪರ್ ಕಾರಿನಲ್ಲಿ, ಟೈರು ಬದಲಿಸಲು ಎಲ್ಲೂ ನಿಲ್ಲಿಸದೆ, ರಬ್ಬರ್ ಸವೆದು ಒಳಗಿನ ನೂಲು ಕಾಣುವವರೆಗೂ ಓಡಿಸಿ, ಫೆರಾರಿಗಿಂತ ಮೂರು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಮೊದಲು ಬಂದರು. ಮರುವರ್ಷ 1959ರಲ್ಲಿ ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್ ಕಾರಿನಲ್ಲೇ ವಿಶ್ವ ಚಾಂಪಿಯನ್.

ಫೆರಾರಿ ಕಂಪನಿಯ ಯಜಮಾನ ಎಂಜೊ ಫೆರಾರಿ ಇದನ್ನು ಬಹಳ ದಿನ ಒಪ್ಪಲಿಲ್ಲ. ಎತ್ತು ಗಾಡಿಯನ್ನು ಎಳೆಯಬೇಕು, ಹಿಂದಿನಿಂದ ತಳ್ಳಬಾರದು ಎಂದು ವಾದಿಸುತ್ತಿದ್ದರಂತೆ. ನಮ್ಮ ಕಡೆಯವರು ಕೇಳಿದ್ದರೆ ತಲೆಯಾಡಿಸುತ್ತಿದ್ದರೇನೋ. ಆದರೆ ಎತ್ತಿಗೆ ತೂಕ ಮುಂದಕ್ಕೆ ವಾಲುವ ಸಮಸ್ಯೆ ಇಲ್ಲ, ಅದು ನಾಲ್ಕು ಕಾಲಿನ ಮೇಲೆ ತಾನೇ ನಿಂತಿರುತ್ತದೆ. 1961ರ ಹೊತ್ತಿಗೆ ಫೆರಾರಿಯ ಫಾರ್ಮುಲಾ ಒನ್ ಕಾರಿನಲ್ಲೂ ಎಂಜಿನ್ ಹಿಂದಕ್ಕೆ ಹೋಯಿತು. ಅಲ್ಲಿಂದೀಚೆಗೆ ಆ ರೇಸ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದದ್ದೆಲ್ಲ ಬೆನ್ನ ಹಿಂದೆ ಎಂಜಿನ್ ಇರುವ ಕಾರೇ.

ಭಾರತಕ್ಕೆ ಬರೋಣ. ಚೆನ್ನೈ ಹತ್ತಿರ ಶೋಲಾವರಂ ಎಂಬಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿ ಇತ್ತು. ದಶಕಗಳ ಕಾಲ ದಕ್ಷಿಣದ ರೇಸ್ ಎಂದರೆ ಅದೇ. ಬೆಂಗಳೂರಿನಿಂದ ಕಾರು ಕಟ್ಟಿಕೊಂಡು ಹೋಗುವವರು ಬಹಳ ಮಂದಿ ಇದ್ದರು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ವಿಜಯ್ ಮಲ್ಯ ಅಲ್ಲಿಗೆ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದ್ದರು. ಅದು ಹಣವಂತರ ಮಾತು.

ನಮಗೆ ಹೆಚ್ಚು ಇಷ್ಟವಾದದ್ದು ಕೊಯಮತ್ತೂರಿನ ಎಸ್. ಕರಿವರ್ಧನ್ ಅವರ ಕೆಲಸ. ಕಡಿಮೆ ಖರ್ಚಿನಲ್ಲಿ ಹುಡುಗರು ರೇಸ್ ಕಲಿಯಲಿ ಎಂದು ಅವರು ಮಾರುತಿ 800ರ ಎಂಜಿನ್ ತೆಗೆದು ಡ್ರೈವರ್ ಹಿಂದೆ ಕೂರಿಸಿ ಒಂಟಿ ಸೀಟಿನ ರೇಸ್ ಕಾರು ಮಾಡಿದರು. ಫಾರ್ಮುಲಾ ಮಾರುತಿ ಎಂದು ಹೆಸರು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಶುರುವಾದ ಕೊಯಮತ್ತೂರಿನ ರೇಸ್ ಟ್ರ್ಯಾಕ್‌ಗೆ ಅವರ ಹೆಸರೇ ಇದೆ. ಇವತ್ತಿಗೂ ದಕ್ಷಿಣದ ಹುಡುಗರು ಕಲಿಯುವ ಎಲ್‌ಜಿಬಿ ಫಾರ್ಮುಲಾ 4 ಕಾರಿನಲ್ಲಿ ಮಾರುತಿ ಸುಜುಕಿಯ 1.3 ಲೀಟರ್ ಎಂಜಿನ್ ಬೆನ್ನ ಹಿಂದೆಯೇ ಇರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 796 ಸಿ.ಸಿ.ಯ ಆ ಮೂರು ಸಿಲಿಂಡರ್ ಎಂಜಿನ್ ನಮ್ಮ ತಾಲ್ಲೂಕುಗಳಿಗೆ ಅಪರಿಚಿತ ಅಲ್ಲ. ಮೇಷ್ಟ್ರ ಮನೆಯ ಮಾರುತಿ 800ರಲ್ಲಿ ಅದು ಮೂತಿಯಲ್ಲಿತ್ತು, ಮುಂದಿನ ಚಕ್ರ ಎಳೆಯುತ್ತಿತ್ತು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿ ಎಂದು ಹೆಸರಾಗಿ, 2019ರವರೆಗೂ ತಯಾರಾದ ಡಬ್ಬಿ ಗಾಡಿಯಲ್ಲಿ ಅದೇ ಬಗೆಯ ಎಂಜಿನ್ ಮುಂದಿನ ಸೀಟಿನ ಕೆಳಗೆ ಮಲಗಿತ್ತು, ಹಿಂದಿನ ಚಕ್ರ ತಳ್ಳುತ್ತಿತ್ತು. ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಬೇಸಿಗೆಯಲ್ಲಿ ಓಮ್ನಿಯ ಮುಂದಿನ ಸೀಟಿನಲ್ಲಿ ಬಂದವರಿಗೆ ಎಂಜಿನ್ ಎಲ್ಲಿದೆ ಎಂದು ಬಿಡಿಸಿ ಹೇಳಬೇಕಿಲ್ಲ, ಕೂತ ಜಾಗವೇ ಹೇಳುತ್ತದೆ. ಫಾರ್ಮುಲಾ ಮಾರುತಿಯಲ್ಲಿ ಬೆನ್ನ ಹಿಂದೆ. ಒಂದೇ ಜಾತಿಯ ಎಂಜಿನ್ ಮೂರು ಜಾಗದಲ್ಲಿ ಕೂತಿತು, ಗಾಡಿಯ ಸ್ವಭಾವ ಮೂರು ಬಗೆಯಾಯಿತು.

ಈಗ ಆಟಗಳ ಕಥೆ. 1989ರಲ್ಲಿ ಅಮೆರಿಕದ ಪ್ಯಾಪಿರಸ್ ಎಂಬ ಪುಟ್ಟ ಕಂಪನಿ ‘ಇಂಡಿಯಾನಾಪೊಲಿಸ್ 500’ ಎಂಬ ಆಟ ತಂದಿತು. ಬರೆದವರು ಡೇವಿಡ್ ಕೆಮ್ಮರ್. ಚಿತ್ರ ನೋಡಿದರೆ ಇವತ್ತಿನ ಮಕ್ಕಳು ನಗುತ್ತಾರೆ, ಬಣ್ಣದ ರಟ್ಟಿನ ಡಬ್ಬಗಳ ಹಾಗಿದೆ. ಆದರೆ ಒಳಗೆ ಕಾರಿನ ತೂಕ, ಟೈರಿನ ಬಿಸಿ, ಸವೆತದ ಲೆಕ್ಕ ನಡೆಯುತ್ತಿತ್ತು. 1991ರಲ್ಲಿ ಇಂಗ್ಲೆಂಡಿನ ಜೆಫ್ ಕ್ರಾಮಂಡ್ ಫಾರ್ಮುಲಾ ಒನ್ ಆಟ ಮಾಡಿದರು. ಅದರಲ್ಲಿ ಆರಂಭಿಕರಿಗೆ ಕಂಪ್ಯೂಟರೇ ಬ್ರೇಕ್ ಹಾಕಿಕೊಡುವ, ಗೇರ್ ಬದಲಿಸಿಕೊಡುವ ಸೌಲಭ್ಯ ಇತ್ತು. ಇವತ್ತು ನಿಮ್ಮ ಮೊಬೈಲಿನ ಎಷ್ಟೋ ರೇಸ್ ಆಟಗಳಲ್ಲಿ ತಿರುವಿಗೆ ಮುಂಚೆ ಕಾರು ತಾನೇ ನಿಧಾನವಾಗುತ್ತದಲ್ಲ, ಅದೇ ಬಗೆಯ ಸಹಾಯ. ಆ ಸಹಾಯ ಆನ್ ಇರುವವರೆಗೂ ಬಾಲ ಬೀಸುವುದು ಏನೆಂದು ಗೊತ್ತಾಗುವುದೇ ಇಲ್ಲ. ಆಫ್ ಮಾಡಿ ನೋಡಿ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಗ್ರಾನ್ ಟುರಿಸ್ಮೊ ಬಂತು. ರೇಸ್ ಕಾರು ಮಾತ್ರವಲ್ಲ, ರಸ್ತೆ ಮೇಲೆ ಓಡುವ ಕಾರುಗಳನ್ನೂ ಮನೆಯ ಟಿವಿ ಮುಂದೆ ಕೂತು ಓಡಿಸಬಹುದಿತ್ತು. ಎಂಜಿನ್ ಮೂತಿಯಲ್ಲಿರುವ ಕಾರಿನ ಪಕ್ಕದಲ್ಲೇ ಬೆನ್ನ ಹಿಂದಿರುವ ಟೊಯೋಟಾ ಎಂಆರ್2, ಹೋಂಡಾ ಎನ್‌ಎಸ್‌ಎಕ್ಸ್ ಇದ್ದವು. ಒಂದೇ ತಿರುವಿನಲ್ಲಿ ಒಂದೊಂದು ಕಾರು ಒಂದೊಂದು ಥರ ಆಡುವುದನ್ನು ಲಕ್ಷಾಂತರ ಹುಡುಗರು ಮೊದಲ ಸಲ ನೋಡಿದ್ದು ಅಲ್ಲಿ. ಈ ಎಂಆರ್2ಗೆ ನಿಜವಾದ ರಸ್ತೆಯಲ್ಲೂ ಕೆಟ್ಟ ಹೆಸರಿತ್ತು. 1989ರಲ್ಲಿ ಬಂದ ಅದರ ಎರಡನೇ ಮಾದರಿ ತಿರುವಿನಲ್ಲಿ ಕಾಲು ಎತ್ತಿದರೆ ಫಟ್ಟನೆ ಸುತ್ತುತ್ತದೆ ಎಂಬ ದೂರು ಬಂದು, ಕೆಲವೇ ವರ್ಷದಲ್ಲಿ ಟೊಯೋಟಾ ಅದರ ಸಸ್ಪೆನ್ಷನ್ ಬದಲಿಸಿ, ಹಿಂದಿನ ಟೈರು ಅಗಲ ಮಾಡಿತು. ಅಲ್ಲಿಗೆ ಚಾಲಕನದಷ್ಟೇ ತಪ್ಪು ಎಂಬ ಮಾತು ಅರ್ಧ ಬಿತ್ತು.

1998ರಲ್ಲಿ ಅದೇ ಪ್ಯಾಪಿರಸ್‌ನವರು ‘ಗ್ರಾಂಡ್ ಪ್ರಿ ಲೆಜೆಂಡ್ಸ್’ ತಂದರು. 1967ರ ಫಾರ್ಮುಲಾ ಒನ್ ಕಾರುಗಳು. ಎಲ್ಲದರಲ್ಲೂ ಎಂಜಿನ್ ಬೆನ್ನ ಹಿಂದೆ, ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಗಳು ಇನ್ನೂ ಬಂದಿರಲಿಲ್ಲ. ಕೊಂಡವರು ಮೊದಲ ದಿನ ಒಂದು ಸುತ್ತು ಮುಗಿಸಲಿಕ್ಕೇ ಪರದಾಡಿದರು. ನಮ್ಮ ತುರುವೇಕೆರೆ ಹುಡುಗ ಹೇಳಿದ್ದನ್ನೇ ಅವರೂ ಹೇಳಿದರು: ಗೇಮೇ ಸರಿ ಇಲ್ಲ. ಆಟ ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಆದರೆ ವಾರಗಟ್ಟಲೆ ಕೂತು ಕಲಿತವರು ಅದನ್ನು ವರ್ಷಗಟ್ಟಲೆ ಬಿಡಲಿಲ್ಲ.

ಹಾಗೆಂದು ಆಟಗಳೇ ಯಾವಾಗಲೂ ಸರಿ ಎಂದಲ್ಲ. ಆಟದ ಕಾರು ಸರಿಯಾಗಿ ನಡೆಯಬೇಕಾದರೆ ಟೈರಿನ ಲೆಕ್ಕ ಸರಿ ಇರಬೇಕು. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹಾನ್ಸ್ ಪಸೆಯ್ಕಾ ಮತ್ತು ಸಂಗಡಿಗರು 1987ರಲ್ಲಿ ಟೈರಿನ ಹಿಡಿತವನ್ನು ಹೇಳುವ ಒಂದು ಸೂತ್ರ ಪ್ರಕಟಿಸಿದ್ದರು. ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಎಂದೇ ಹೆಸರಾಯಿತು. ಯಂತ್ರದಲ್ಲಿ ಟೈರು ಅಳೆದು, ಆ ಅಳತೆಗೆ ಹೊಂದುವ ಗೆರೆ ಎಳೆಯುವ ಸೂತ್ರ ಅದು. ಟೈರು ನೆಲ ಹಿಡಿದಿರುವಾಗ ಅಳೆಯುವುದು ಸುಲಭ. ಪೂರ್ತಿ ಜಾರಿ, ಹೊಗೆ ಎದ್ದು, ರಬ್ಬರು ಕಾದಾಗ ಏನಾಗುತ್ತದೆ ಎಂದು ಅಳೆಯುವುದು ಕಷ್ಟ. ಹಿಡಿತ ತಪ್ಪಿದ ಮೇಲಿನ ಆ ಭಾಗವನ್ನು ಆಟ ಬರೆಯುವವರು ಎಷ್ಟೋ ಸಲ ಅಂದಾಜಿನಲ್ಲೇ ತುಂಬಬೇಕಾಯಿತು. ಬಾಲ ಬೀಸಿದಾಗ ನಮಗೆ ಬೇಕಾದ್ದು ಅದೇ ಭಾಗ.

ಆಟಗಾರರ ದೂರಿಗೆ ಹೀಗೆ ಒಂದು ಬುಡ ಇತ್ತು. ನಿಜವಾದ ಕಾರು ಸ್ವಲ್ಪ ಜಾರಿದರೆ ಸ್ಟೀರಿಂಗ್ ಎದುರು ತಿರುಗಿಸಿ ಹಿಡಿಯಬಹುದು, ಆಟದಲ್ಲಿ ಜಾರಿದರೆ ಮುಗಿಯಿತು, ಮಂಜುಗಡ್ಡೆ ಮೇಲೆ ಇದ್ದ ಹಾಗೆ ಎಂದು ಅವರು ಹೇಳುತ್ತಿದ್ದರು. ಕೆಮ್ಮರ್ ಆಮೇಲೆ ಐರೇಸಿಂಗ್ ಎಂಬ ಆನ್‌ಲೈನ್ ಆಟ ಕಟ್ಟಿದರು, ಅದು 2008ರಲ್ಲಿ ಶುರುವಾಯಿತು. ಅಲ್ಲೂ ಇದೇ ದೂರು. 2011ರಲ್ಲಿ ಅವರು ಟೈರಿನ ಲೆಕ್ಕವನ್ನೇ ಬುಡದಿಂದ ಹೊಸದಾಗಿ ಬರೆದರು, ಆಮೇಲೂ ತಿದ್ದುತ್ತಲೇ ಹೋದರು. ಇಟಲಿಯ ಕುನೋಸ್ ಕಂಪನಿ 2014ರಲ್ಲಿ ಪೂರ್ತಿ ಬಿಡುಗಡೆ ಮಾಡಿದ ಅಸೆಟ್ಟೊ ಕೊರ್ಸಾವನ್ನು ತಿಪಟೂರಿನ ಹುಡುಗರು ಇಷ್ಟಪಡುವುದು, ಜಾರಿದ ಕಾರನ್ನು ಅದರಲ್ಲಿ ಹಿಡಿಯಲು ಒಂದು ಅವಕಾಶ ಸಿಗುತ್ತದೆ ಎಂಬ ಕಾರಣಕ್ಕೆ.

ಇನ್ನೊಂದು ಕೊರತೆ ಯಾವ ಸೂತ್ರದಿಂದಲೂ ತುಂಬುವುದಿಲ್ಲ. ನಿಜವಾದ ಗಾಡಿಯಲ್ಲಿ ಬಾಲ ಜಾರುವುದು ಮೊದಲು ಗೊತ್ತಾಗುವುದು ಕೂತ ಜಾಗಕ್ಕೆ, ಸೊಂಟಕ್ಕೆ. ಕಣ್ಣಿಗೆ ಆಮೇಲೆ. ಆಟದಲ್ಲಿ ಕುರ್ಚಿ ಅಲ್ಲಾಡುವುದಿಲ್ಲ. ಪರದೆಯ ಮೇಲೆ ರಸ್ತೆ ಓರೆಯಾದಾಗ ಕಣ್ಣಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಆಟೊ ಯೂನಿಯನ್ ಕಾರಿನ ಮೂತಿಯಲ್ಲಿ ಕೂತ 1930ರ ದಶಕದ ಡ್ರೈವರಿಗೂ ನಮ್ಮ ಐಟಿಐ ಹುಡುಗನಿಗೂ ಇರುವ ಕಷ್ಟ ಹೆಚ್ಚೂಕಡಿಮೆ ಒಂದೇ. ಕೈಗೆ ಕಂಪನ ಕೊಡುವ ಸ್ಟೀರಿಂಗ್ ಇದ್ದರೆ ಸ್ವಲ್ಪ ವಾಸಿ, ಚಕ್ರ ಹಗುರಾದದ್ದು ಬೆರಳಿಗೆ ತಿಳಿಯುತ್ತದೆ. ಮೊಬೈಲ್ ಓರೆ ಮಾಡಿ ಆಡುವವರಿಗೆ ಅದೂ ಇಲ್ಲ.

ಹುಡುಗರಿಗಾಗಿ ಇಷ್ಟು ಹೇಳಿಬಿಡುತ್ತೇವೆ. ಬ್ರೇಕನ್ನು ತಿರುವಿಗೆ ಮುಂಚೆ, ಕಾರು ನೆಟ್ಟಗಿರುವಾಗಲೇ ಹಾಕಿ ಮುಗಿಸಿ. ತಿರುವಿನೊಳಗೆ ಎಕ್ಸಲೇಟರನ್ನು ಥಟ್ಟನೆ ಬಿಡಬೇಡಿ, ಒಂದಿಷ್ಟು ಒತ್ತಿಯೇ ಇರಿ, ಬಿಡಬೇಕಾದರೆ ನಿಧಾನವಾಗಿ ಬಿಡಿ. ಬಾಲ ಜಾರಿದರೆ ಜಾರಿದ ಕಡೆಗೇ ಸ್ಟೀರಿಂಗ್ ತಿರುಗಿಸಿ, ಹಿಡಿತ ಬಂದ ಕೂಡಲೇ ಅಷ್ಟೇ ಬೇಗ ನೆಟ್ಟಗೆ ಮಾಡಿ. ತಡ ಮಾಡಿದರೆ ಕಾರು ಆ ಕಡೆಗೆ ಬೀಸುತ್ತದೆ, ಎರಡನೇ ಬೀಸು ಮೊದಲಿನದಕ್ಕಿಂತ ಜೋರು. ಸೆಟ್ಟಿಂಗ್ ಬದಲಿಸುವ ಆಟವಾದರೆ ಹಿಂದಿನ ಆಂಟಿ ರೋಲ್ ಬಾರ್ ಮೆತ್ತಗೆ ಮಾಡಿ, ಬ್ರೇಕಿನ ಪಾಲು ಸ್ವಲ್ಪ ಮುಂದಕ್ಕೆ ಕೊಡಿ. ಇದೆಲ್ಲ ಆಟಕ್ಕೆ. ಬಿ.ಎಚ್. ರಸ್ತೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ.

ಇನ್ನು ಆ ಮೂರು ಪದದ ವಿಷಯ.

1960ರಲ್ಲಿ ಅಮೆರಿಕದ ಶೆವ್ರೊಲೆ ಕಂಪನಿ ಕೊರ್ವೇರ್ ಎಂಬ ಕಾರು ಬಿಟ್ಟಿತು. ಇದು ಮಿಡ್ ಎಂಜಿನ್ ಅಲ್ಲ, ಎಂಜಿನ್ ಹಿಂದಿನ ಚಕ್ರಕ್ಕಿಂತಲೂ ಹಿಂದಿತ್ತು, ಪೂರ್ತಿ ಹಿಂಭಾರ. ಬಾಲ ಬೀಸದಿರಲಿ ಎಂದು ಕಂಪನಿ ಒಂದು ಉಪಾಯ ಮಾಡಿತ್ತು. ಮುಂದಿನ ಟೈರಿಗೆ 15 ಪೌಂಡ್ ಗಾಳಿ, ಹಿಂದಿನದಕ್ಕೆ 26 ಪೌಂಡ್ ಹಾಕಬೇಕು. ಇದನ್ನು ಕಾರಿನ ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ಓದುವವರು ಯಾರು? ನಮ್ಮಲ್ಲಿ ಪಂಕ್ಚರ್ ಅಂಗಡಿಯಲ್ಲಿ ನಿಂತು ‘ನಾಲ್ಕಕ್ಕೂ ಮೂವತ್ತು ಹಾಕಪ್ಪ’ ಅನ್ನುತ್ತೇವಲ್ಲ, ಅಲ್ಲೂ ಹಾಗೇ ಸಮ ಸಮ ಗಾಳಿ ಬಿದ್ದರೆ ಆ ಉಪಾಯ ಅಲ್ಲಿಗೇ ಹೋಯಿತು. ತಿರುವಿನಲ್ಲಿ ಕಾರುಗಳು ಸುತ್ತಿದವು, ಮಗುಚಿದವು, ಕೋರ್ಟಿನಲ್ಲಿ ಕೇಸುಗಳು ಬಿದ್ದವು. ಡ್ರೈವರಿನ ತಪ್ಪು ಎಂಬುದು ಕಂಪನಿಯ ವಾದ.

1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ‘ಅನ್‌ಸೇಫ್ ಎಟ್ ಎನಿ ಸ್ಪೀಡ್’ ಎಂಬ ಪುಸ್ತಕ ಬರೆದು, ಮೊದಲ ಅಧ್ಯಾಯವನ್ನೇ ಕೊರ್ವೇರ್‌ಗೆ ಮೀಸಲಿಟ್ಟರು. ಗಾಡಿಯ ವಿನ್ಯಾಸದ ದೋಷವನ್ನು ಗಾಳಿ ತುಂಬುವವನ ಮೇಲೆ, ಓಡಿಸುವವನ ಮೇಲೆ ಹೊರಿಸುವುದು ಯಾವ ನ್ಯಾಯ ಎಂಬುದು ಅವರ ಪ್ರಶ್ನೆ. ಮರುವರ್ಷ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನೇ ಬಂತು. 1972ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಪರೀಕ್ಷೆ ಮಾಡಿ, ಆ ಕಾಲದ ಬೇರೆ ಕಾರುಗಳಿಗಿಂತ ಕೊರ್ವೇರ್ ಹೆಚ್ಚು ಅಪಾಯದ್ದೇನಲ್ಲ ಎಂದು ವರದಿ ಕೊಟ್ಟಿತು. ಅದನ್ನೂ ಹೇಳಬೇಕು. ಅಷ್ಟು ಹೊತ್ತಿಗೆ ಆ ಕಾರಿನ ತಯಾರಿಕೆ ನಿಂತು ಮೂರು ವರ್ಷವಾಗಿತ್ತು. ಆದರೆ ‘ಚಾಲಕನ ತಪ್ಪು’ ಎಂದ ಕೂಡಲೇ ಕಡತ ಮುಚ್ಚುವ ಪದ್ಧತಿ ಆ ದೇಶದಲ್ಲಿ ಮೊದಲಿನ ಹಾಗೆ ಉಳಿಯಲಿಲ್ಲ.

ನಮ್ಮಲ್ಲಿ ಉಳಿದಿದೆ. ಅದನ್ನು ಉಳಿಸಿರುವವರಲ್ಲಿ ನಾವೂ ಸೇರಿದ್ದೇವೆ. ಓಮ್ನಿ ಪಲ್ಟಿಯಾದಾಗ ಹಿಂದೆ ಎಷ್ಟು ಚೀಲ ಕೊಬ್ಬರಿ ಇತ್ತು ಎಂದು ಕೇಳಿದವರಲ್ಲ. ಹಿಂದಿನ ಟೈರು ಬೋಳಾಗಿತ್ತೋ ಮುಂದಿನದೋ ನೋಡಿದವರಲ್ಲ. ಪಿಕಪ್ ಗಾಡಿ ಹಳ್ಳಕ್ಕೆ ಇಳಿದರೆ, ಕಾಯಿ ಇಳಿಸಿ ಖಾಲಿ ಬರುತ್ತಿತ್ತೋ ತುಂಬಿಕೊಂಡು ಹೋಗುತ್ತಿತ್ತೋ ಎಂಬುದೂ ನಮ್ಮ ಸುದ್ದಿಯಲ್ಲಿ ಇರುತ್ತಿರಲಿಲ್ಲ. ಖಾಲಿ ಪಿಕಪ್‌ನ ಹಿಂದಿನ ಚಕ್ರದ ಮೇಲೆ ತೂಕವೇ ಇರುವುದಿಲ್ಲ, ಒದ್ದೆ ರಸ್ತೆಯಲ್ಲಿ ಅದರ ಬಾಲವೂ ಫೆರಾರಿ ಬಾಲದ ಹಾಗೇ ಬೀಸಬಲ್ಲದು, ಕಾರಣ ಮಾತ್ರ ತಿರುಗುಮುರುಗು. ಇನ್ನು ಸುಗ್ಗಿಯಲ್ಲಿ ರಸ್ತೆಯನ್ನೇ ಕಣ ಮಾಡಿ ರಾಗಿ, ಹುರುಳಿ ಹರಡುತ್ತೇವೆ. ಅದರ ಮೇಲೆ ಹೋಗುವವನು ಹೆದರಿ ಕಾಲು ಎತ್ತಿದರೆ, ಬ್ರೇಕ್ ತುಳಿದರೆ ಏನಾಗುತ್ತದೆ? ಅದಕ್ಕೂ ನಾವು ಬರೆಯುವುದು ಅದೇ ಮೂರು ಪದ. ರೈತನಿಗೆ ಕಣವಿಲ್ಲ ಎಂಬ ಇನ್ನೊಂದು ಸುದ್ದಿ ಅದರೊಳಗೇ ಮುಚ್ಚಿಹೋಗುತ್ತದೆ.

ಮೊನ್ನೆ ಇನ್ನೊಂದು ಗಾಡಿ ಮಗುಚಿದ ಸುದ್ದಿಗೆ ಹೋದಾಗ ಟೈರು ಮುಟ್ಟಿ ನೋಡಿದೆವು, ಲೋಡ್ ಎಲ್ಲಿತ್ತು ಎಂದು ಕೇಳಿದೆವು. ಹಿಂದಿನ ಬಾಗಿಲಿಗೆ ಒತ್ತಿ ಚೀಲ ತುಂಬಿದ್ದರು, ಮಳೆ ಆಗತಾನೆ ಹನಿಯಲು ಶುರುವಾಗಿತ್ತು, ತಿರುವಿನಲ್ಲಿ ಎದುರಿಗೆ ಬಸ್ ಕಂಡು ಡ್ರೈವರ್ ಕಾಲು ಎತ್ತಿದ್ದ. ಎಲ್ಲ ಬರೆದು ಕಳಿಸಿದೆವು. ಪತ್ರಿಕೆಯಲ್ಲಿ ಜಾಗ ಇರಲಿಲ್ಲವಂತೆ. ಮೂರು ಪದ ಉಳಿಸಿ ಮಿಕ್ಕಿದ್ದು ತೆಗೆದಿದ್ದರು. ಇಲ್ಲಿ ಜಾಗದ ತೊಂದರೆ ಇಲ್ಲವಾದ್ದರಿಂದ ಬರೆದಿದ್ದೇವೆ.

ಐಟಿಐ ಹುಡುಗ ಈಗ ನಾಲ್ಕನೇ ತಿರುವು ದಾಟುತ್ತಾನೆ. ಏಳನೆಯದರಲ್ಲಿ ಸುತ್ತುತ್ತಾನೆ.